ಮುಟ್ಟಿ ಹೋಗುವ ಮಗಳು

ಶೀನಪ್ಪನ ಮನೆಯ ಫ್ರಿಜ್ಜಿಗೆ ಅಂಟಿಸಿದ ಕ್ಯಾಲೆಂಡರಿನಲ್ಲಿ ಹಬ್ಬಗಳಿಗೆ ಮರ್ಯಾದೆ ಕಡಿಮೆ. ಅಷ್ಟಮಿ, ಚೌತಿ, ದೀಪಾವಳಿಗಳು ಬಂದರೆ ಬರುತ್ತವೆ, ಹೋದರೆ ಹೋಗುತ್ತವೆ. ಅವನ ಕೆಂಪು ಪೆನ್ನು ಸುತ್ತು ಹಾಕುವುದು ವರ್ಷದಲ್ಲಿ ಎರಡೇ ದಿನಕ್ಕೆ. ಮಗಳು ತೃಷಾ ಅಬುಧಾಬಿಯ ನೆಲವನ್ನು ಮುಟ್ಟಲೇಬೇಕಾದ ಕಡೆಯ ದಿನಗಳು ಅವು.

ಗಲ್ಫಿನಲ್ಲಿ ಬದುಕದವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಇಲ್ಲೇ ಹುಟ್ಟಿದರೂ, ಇಲ್ಲೇ ಶಾಲೆಗೆ ಹೋದರೂ, ಮನೆಯ ಕೀಲಿ ಕೈಯಲ್ಲೇ ಇದ್ದರೂ ನಮ್ಮವರ ಮಕ್ಕಳು ಇಲ್ಲಿರುವುದು ಅಪ್ಪನ ವೀಸಾದ ಬಾಲ ಹಿಡಿದುಕೊಂಡು. ಆರು ತಿಂಗಳಿಗಿಂತ ಹೆಚ್ಚು ದೇಶದ ಹೊರಗೆ ಕಳೆದರೆ ಆ ಬಾಲ ಕೈತಪ್ಪುತ್ತದೆ. ಹಾಗಾಗಿ ಮಣಿಪಾಲಕ್ಕೋ ಜಾರ್ಜಿಯಾಕ್ಕೋ ನೇಪಾಳಕ್ಕೋ ಓದಲು ಹೋದ ಮಕ್ಕಳು ಆರು ತಿಂಗಳು ತುಂಬುವ ಮೊದಲು ಒಮ್ಮೆ ಓಡಿ ಬರುತ್ತಾರೆ, ಎರಡು ದಿನ ಉಂಡು ಮಲಗುತ್ತಾರೆ, ಮತ್ತೆ ಓಡುತ್ತಾರೆ. ‘ಟಚ್ ಮಾಡಿ ಹೋಗುವುದು’ ಎಂದು ಇದಕ್ಕೆ ಹೆಸರು. ಮಗಳು ಬರುತ್ತಾಳೆ ಎಂದು ಕೋಳಿ ಸಾರು ಕುದಿಯುತ್ತಿರುತ್ತದೆ, ಅಪ್ಪ ಮಾತ್ರ ಇಮಿಗ್ರೇಶನ್ ದಾಟಿದ ಮೆಸೇಜ್ ಬರುವವರೆಗೂ ನೀರು ಕುಡಿಯುವುದಿಲ್ಲ. ನಗು ಬರುವ ಸಂಗತಿಯೇ, ಆದರೆ ಶೀನಪ್ಪನ ಎದುರು ಯಾರೂ ನಗುತ್ತಿರಲಿಲ್ಲ.

ಯಾಕೆಂದರೆ ಅವನಿಗಿದ್ದದ್ದು ಬರಿಯ ಜಾಗ್ರತೆಯಲ್ಲ, ಹೆದರಿಕೆ. ಅದಕ್ಕೊಂದು ಕಾರಣವೂ ಇತ್ತು. ಕಟಪಾಡಿಯಿಂದ ಬಂದ ಹೊಸದರಲ್ಲಿ ಅವನು ದುಬೈಯ ಅಲ್ ಕೂಜ್‌ನ ಕಾರ್ಮಿಕರ ಕ್ಯಾಂಪಿನಲ್ಲಿದ್ದ. ಒಂದೇ ಕೋಣೆಯಲ್ಲಿ ಮೇಲಿನ ಮಂಚ ಅವನದು, ಕೆಳಗಿನದು ಶಿರ್ವದ ಗೇಬ್ರಿಯಲ್‌ನದು. ತಂಗಿಯ ಮದುವೆಗೆ ರಜೆಯಲ್ಲಿ ಹೋಗಬಹುದೇ ಎಂದು ಗೇಬ್ರಿಯಲ್ ಒಂದು ದಿನ ವೀಸಾ ಆಫೀಸಿನ ಕಿಟಕಿಯಲ್ಲಿ ಕೇಳಿದ. ಕೇಳಿದ್ದಕ್ಕೆ ಅವರು ಕಂಪ್ಯೂಟರಿನಲ್ಲಿ ಹುಡುಕಿದರು. ಹುಡುಕಿದ್ದಕ್ಕೆ ಹಳೆಯ ಕಂಪನಿಯವರು ಎಂದೋ ಹಾಕಿಟ್ಟಿದ್ದ ದೂರೊಂದು ಸಿಕ್ಕಿತು. ಮದುವೆಗೆ ಹೋಗುವುದೇನೋ ಹೋದ, ಆದರೆ ವಾಪಸ್ ಬರಲು ಅವರು ಬಿಡಲಿಲ್ಲ. ಅವನ ಸ್ಟೀಲ್ ತಟ್ಟೆ, ಲೋಟ ಬಹಳ ಕಾಲ ಮಂಚದ ಕೆಳಗೆ ಹಾಗೆಯೇ ಇದ್ದವು. ಅಂದಿನಿಂದ ಶೀನಪ್ಪ ಒಂದು ಪಾಠ ಕಲಿತ. ಆಫೀಸಿನವರನ್ನು ಏನನ್ನೂ ಕೇಳಬಾರದು. ಕೇಳದೆ ಇದ್ದರೆ ನಾವು ಇದ್ದೇವೆ ಎಂದು ಅವರಿಗೆ ಗೊತ್ತಾಗುವುದಿಲ್ಲ.

ಈ ಪಾಠದಿಂದ ಅವನು ಕೆಡಲಿಲ್ಲ ಎಂದೂ ಹೇಳಬೇಕು. ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಗೋದಾಮಿನಲ್ಲಿ ಹೆಲ್ಪರ್ ಆಗಿದ್ದವನು ಸ್ಟೋರ್ ಕೀಪರ್ ಆದ, ಅಬುಧಾಬಿಯ ಕಂಪನಿಗೆ ಬಂದ, ಸ್ವರ್ಣಲತಾಳನ್ನು ಮದುವೆಯಾಗಿ ಕರೆತಂದ, ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ವಿಲ್ಲಾ ಒಂದರ ಹಿಂಬದಿಯ ಎರಡು ಕೋಣೆ ಹಿಡಿದ. ತೃಷಾ ಆ ಕೋಣೆಗಳಲ್ಲೇ ಬೆಳೆದಳು. ಊರು ಅವಳಿಗೆ ಬೇಸಿಗೆ ರಜೆ, ಸೊಳ್ಳೆ ಮತ್ತು ಅಜ್ಜಿ. ಮನೆ ಎಂದರೆ ಇದೇ.

ಅವಳಿಗೆ ಡಾಕ್ಟರ್ ಓದುವ ಸೀಟು ಸಿಕ್ಕಿದ್ದು ನೇಪಾಳದ ಪೋಖರಾದಲ್ಲಿ. ಅಪ್ಪ ಹೆದರಿದಷ್ಟೂ ಮಗಳಿಗೆ ಹುರುಪು. ಫೋನಿನಲ್ಲಿ ಅರ್ಧ ಇಂಗ್ಲಿಷ್, ಅರ್ಧ ನಮ್ಮ ಕಡೆಯ ಕನ್ನಡ, ಅಮ್ಮನ ಜೊತೆ ತುಳು. ಕಠ್ಮಂಡುವಿಗೆ ಹೋದಾಗಲೆಲ್ಲ ಅವಳಿಗೊಂದು ಆಟವಿತ್ತು. ಆ ಊರಿನ ಗಲ್ಲಿಗಳಲ್ಲಿ ಗೋಡೆಯ ಮೇಲೆ ಮುಳ್ಳುತಂತಿ, ಗೇಟಿನ ಪಕ್ಕ ಹಿತ್ತಾಳೆಯ ಫಲಕ, ಒಳಗೊಂದು ಬಾವುಟ ಇರುವ ಮನೆ ಕಂಡರೆ ಫೋಟೋ ತೆಗೆದು ಕಳಿಸುವುದು.

“ಪಪ್ಪಾ, ಇಷ್ಟು ಚಿಕ್ಕ ದೇಶ, ಎಂಬೆಸಿ ನೋಡಿದ್ರೆ ಎಲ್ಲರದ್ದೂ ಉಂಟು. ನಮ್ಗೆ ಮಾತ್ರ ಎರಡು. ಒಂದು ಪಾಸ್‌ಪೋರ್ಟಿಂದು, ಒಂದು ಮನೇದು” ಎಂದು ನಕ್ಕಿದ್ದಳು.

ಪಾಸ್‌ಪೋರ್ಟಿನದ್ದು ಭಾರತದ ಎಂಬೆಸಿ. ಮನೆಯದು ಎಂದರೆ ಎಮಿರೇಟ್ಸ್ ಎಂಬೆಸಿ. ಅದರ ಬಾವುಟ ಹಿಂದೆ ಕಾಣುವ ಹಾಗೆ ರಸ್ತೆಯ ಆಚೆ ನಿಂತು, ಎರಡು ಬೆರಳೆತ್ತಿ ಅವಳು ತೆಗೆಸಿಕೊಂಡ ಫೋಟೋ ಬಂದಾಗ ಶೀನಪ್ಪ ಕೂಡಲೇ ಫೋನು ಮಾಡಿದ.

“ಅಲ್ಲಿ ಎಂತಕ್ಕೆ ನಿಂತದ್ದು ನೀನು? ಕ್ಯಾಮರಾ ಇರ್ತದೆ ಅಲ್ಲಿ. ಸುಮ್ನೆ ಹೆಸರು ಬೀಳ್ತದೆ.”

“ಫೋಟೋ ತೆಗೆದ್ರೆ ಯಾರ ಹೆಸರು ಬೀಳ್ತದೆ ಪಪ್ಪಾ? ಯೂ ಆರ್ ಟೂ ಮಚ್!”

ಆ ಫೋಟೋವನ್ನು ಅವನು ಅಳಿಸಲಿಲ್ಲ. ಆದರೆ ಯಾರಿಗೂ ತೋರಿಸಲೂ ಇಲ್ಲ.

ಆ ವರ್ಷ ಕೆಂಪು ಸುತ್ತು ಜುಲೈ ಕೊನೆಗೆ ಬಿದ್ದಿತ್ತು. ಜನವರಿಯಲ್ಲಿ ಬಂದು ಹೋದವಳಿಗೆ ಪರೀಕ್ಷೆ, ವಾರ್ಡ್ ಡ್ಯೂಟಿ, ಮತ್ತೆ ಪರೀಕ್ಷೆ. ನಡುವೆ ಬರಲು ಬಿಡುವೇ ಆಗಲಿಲ್ಲ. ಜೂನ್ ದಾಟುತ್ತಿದ್ದಂತೆ ಶೀನಪ್ಪನ ಊಟ, ನಿದ್ದೆ ಎರಡೂ ಕೆಟ್ಟವು. ಮಲಗಿದವನು ಎದ್ದು ಫ್ರಿಜ್ಜಿನ ಎದುರು ನಿಲ್ಲುತ್ತಿದ್ದ. ಸ್ವರ್ಣಲತಾ ಹಸಿವೆಯೋ ಎಂದು ಕೇಳಿದರೆ ಇಲ್ಲ ಎನ್ನುತ್ತಿದ್ದ.

ಮುಸಫ್ಫಾದಲ್ಲಿ ಟೈಪಿಂಗ್ ಸೆಂಟರ್ ಇಟ್ಟಿರುವ ಕುಂಞಾಲಿ ಅವನಿಗೆ ಹಳೆಯ ಪರಿಚಯ. ಉಳ್ಳಾಲದ ಬ್ಯಾರಿ, ವಯಸ್ಸಿನಲ್ಲಿ ಹಿರಿಯ, ವೀಸಾ ಅರ್ಜಿ ತುಂಬಿಸುವುದರಲ್ಲೇ ಗಡ್ಡ ಬೆಳ್ಳಗಾದವನು. ಅವನೊಂದು ದಿನ ಚಹಾ ಕುಡಿಯುತ್ತ ತಾನಾಗಿ ವಿಷಯ ತೆಗೆದ.

“ಶೀನಣ್ಣಾ, ಮಳೆಗಾಲದಲ್ಲಿ ಆ ಮಗುವನ್ನು ಯಾಕೆ ಓಡಿಸ್ತೀರಿ? ಓದ್ಲಿಕ್ಕೆ ಹೋದವರಿಗೆ ಬೇರೆ ದಾರಿ ಇರ್ತದೆ. ನಾನೊಮ್ಮೆ ಕೇಳಿ ನೋಡ್ಲಾ? ಇಲ್ಲಾಂದ್ರೆ ಅವಳೇ ಕಠ್ಮಂಡು ಎಂಬೆಸಿಯಲ್ಲಿ ಕೇಳ್ಲಿ. ಹತ್ರವೇ ಉಂಟಲ್ಲ.”

“ಬೇಡ ಕಾಕ. ಕೇಳುದು ಬೇಡವೇ ಬೇಡ. ಕೇಳಿದ್ರೆ ಫೈಲ್ ತೆಗೀತಾರೆ. ಅವಳು ಬಂದು ಟಚ್ ಮಾಡಿ ಹೋಗ್ಲಿ, ಖಲಾಸ್.”

“ಕೇಳುದ್ರಲ್ಲಿ ಎಂತ ಹೋಗ್ತದೆ ಮಾರಾಯ್ರೇ?”

ಗೇಬ್ರಿಯಲ್ ಹೋದದ್ದು ಕೇಳಿದ್ದಕ್ಕೇ ಎಂದು ಶೀನಪ್ಪ ಹೇಳಲಿಲ್ಲ. ಚಹಾದ ಲೋಟ ಕೆಳಗಿಟ್ಟು ಎದ್ದ.

ಟಿಕೆಟ್ ಆಯಿತು. ಪೋಖರಾದಿಂದ ಕಠ್ಮಂಡುವಿಗೆ ಚಿಕ್ಕ ವಿಮಾನ, ಮರುದಿನ ಅಲ್ಲಿಂದ ಅಬುಧಾಬಿಗೆ. ಹೊರಡುವ ದಿನ ಬೆಳಿಗ್ಗೆ ತೃಷಾಳ ಫೋನ್ ಬಂತು. ಹಿಂದೆ ತಗಡಿನ ಮಾಡಿನ ಮೇಲೆ ಮಳೆ ಸುರಿಯುವ ಸದ್ದು.

“ಪಪ್ಪಾ, ಫ್ಲೈಟ್ ಕ್ಯಾನ್ಸಲ್. ಮೂರು ದಿನದಿಂದ ಇಲ್ಲಿ ಮೋಡ ಬಿಟ್ಟದ್ದೇ ಇಲ್ಲ. ರೋಡಲ್ಲಿ ಅಲ್ಲಲ್ಲಿ ಗುಡ್ಡ ಜಾರ್ತಾ ಉಂಟಂತೆ. ಸ್ವಲ್ಪ ದಿನ ಬಿಟ್ಟು ಬರ್ಲಾ?”

“ಬಿಟ್ಟು ಅಂದ್ರೆ? ಡೇಟ್ ಹೋಗ್ತದಲ್ಲ ಮಗಾ.”

“ಹೋದ್ರೆ ಒಂದು ಲೆಟರ್ ಕೊಟ್ಟು ನೋಡುವ. ಎಂಬೆಸಿಯಲ್ಲಿ ನಾನು ಕೇಳ್ತೇನೆ.”

“ಎಂಬೆಸಿಯ ಗೇಟು ಸಹ ಮುಟ್ಬೇಡ ನೀನು!” ಶೀನಪ್ಪ ಕಿರುಚಿದ. ಮಗಳ ಮೇಲೆ ಅವನು ಹಾಗೆ ಕಿರುಚಿದ್ದು ಅಪರೂಪ. “ನಾಳೆ ವೀಸಾ ಹೋದ್ರೆ ನಿನ್ನ ಮನೆಗೆ ನೀನೇ ನೆಂಟಳ ಹಾಗೆ ವಿಸಿಟ್‌ನಲ್ಲಿ ಬರ್ಬೇಕಾಗ್ತದೆ. ಗೊತ್ತುಂಟಾ? ಜೀಪ್ ಮಾಡು. ಎಲ್ಲರೂ ಹೋಗ್ತಾರಲ್ಲ ರೋಡಲ್ಲಿ.”

ಸ್ವರ್ಣಲತಾ ಫೋನು ಕಸಿದುಕೊಳ್ಳಲು ಬಂದಳು. “ಬಿಡಿ ನೀವು. ವೀಸಾ ಹೋದ್ರೆ ಹೋಗ್ಲಿ. ಮಳೆ ಅಂತಾಳೆ ಕೇಳುದಿಲ್ವಾ?”

“ನಿಂಗೆ ಎಂತ ಗೊತ್ತುಂಟು, ಸುಮ್ನಿರು!”

ಆಚೆ ಕಡೆಯಿಂದ ತೃಷಾ ತಣ್ಣಗೆ “ಓಕೆ ಪಪ್ಪಾ, ಟೆನ್ಶನ್ ಮಾಡ್ಬೇಡಿ, ಬರ್ತೇನೆ. ಅಮ್ಮನಿಗೆ ಫೋನ್ ಕೊಡಿ” ಎಂದಳು. ಸ್ವರ್ಣಲತಾ ಫೋನು ಹಿಡಿದು ಒಳಕೋಣೆಗೆ ಹೋದಳು. ತಾಯಿ ಮಗಳು ತುಳುವಿನಲ್ಲಿ ಏನೋ ಮಾತಾಡಿದರು. ಶೀನಪ್ಪ ಕಾರಿನ ಕೀಲಿ ಹಿಡಿದು ಕೆಲಸಕ್ಕೆ ಹೊರಟ. ಎದೆಯ ಮೇಲಿನ ಭಾರ ಇಳಿದ ಹಾಗಾಗಿ ಆ ದಿನ ಅವನು ಹೊಟ್ಟೆತುಂಬ ಉಂಡ. ಇದನ್ನು ಅವನು ಆಮೇಲೆ ಮರೆಯಲು ಎಷ್ಟು ಒದ್ದಾಡಿದನೋ ಆ ದೇವರಿಗೇ ಗೊತ್ತು.

ಸಂಜೆ ಫೋನು ಬಂತು. ಅದು ಮಗಳದಲ್ಲ. ಕಠ್ಮಂಡುವಿನ ಭಾರತದ ಎಂಬೆಸಿಯಿಂದ ಒಬ್ಬ ಅಧಿಕಾರಿ ಹಿಂದಿಯಲ್ಲಿ, ಬಹಳ ನಿಧಾನವಾಗಿ ಮಾತಾಡಿದ. ಜೀಪಿನ ಮೇಲೆ ಗುಡ್ಡ ಕುಸಿದಿದೆ. ಜೀಪು ನದಿಗೆ ಹೋಗಿದೆ. ಹುಡುಗಿಯ ಬ್ಯಾಗು ಸಿಕ್ಕಿದೆ, ಅದರೊಳಗೆ ಪಾಸ್‌ಪೋರ್ಟ್ ಇತ್ತು, ಅದರಿಂದ ನಿಮ್ಮ ನಂಬರ್ ಸಿಕ್ಕಿತು. ಹುಡುಕುತ್ತಿದ್ದಾರೆ. ಧೈರ್ಯವಾಗಿರಿ.

ಎಂಬೆಸಿಯ ಹೆಸರೆತ್ತಿದರೆ ನಡುಗುತ್ತಿದ್ದ ಶೀನಪ್ಪ ಆ ಎರಡು ದಿನ ಎಂಬೆಸಿಯನ್ನು ಬಿಟ್ಟು ಬೇರೆ ಯಾರಿಗೂ ಫೋನು ಮಾಡಲಿಲ್ಲ. ಪಾಸ್‌ಪೋರ್ಟಿನ ಎಂಬೆಸಿ ಸಾಲದೆಂದು ಮನೆಯ ಎಂಬೆಸಿಗೂ ಮಾಡಿದ. ನನ್ನ ಮಗಳು ಅಬುಧಾಬಿಯವಳು, ಅಲ್ಲೇ ಹುಟ್ಟಿದವಳು, ಹುಡುಕಿಸಿ ಎಂದು ಅಂಗಲಾಚಿದ. ಯಾರೂ ಅವನ ಫೈಲ್ ತೆಗೆಯಲಿಲ್ಲ. ಯಾರೂ ಗದರಲಿಲ್ಲ. ಅಲ್ಲಿಯ ಹೆಣ್ಣುಮಗಳೊಬ್ಬಳು ಅವನ ಮಾತನ್ನು ಕೊನೆಯವರೆಗೂ ಕೇಳಿ, ತಾವೂ ವಿಚಾರಿಸುತ್ತೇವೆ ಎಂದು ಹೇಳಿ, ಅದರಂತೆ ಎರಡು ಬಾರಿ ತಿರುಗಿ ಫೋನು ಮಾಡಿದಳು.

ಮೂರನೆಯ ದಿನ ತೃಷಾ ಸಿಕ್ಕಿದಳು.

ಭಾರತದ ಎಂಬೆಸಿಯ ಅಧಿಕಾರಿ ಮೊದಲು ಸಂತಾಪ ಹೇಳಿದ. ಆಮೇಲೆ ಕೇಳಲೇಬೇಕಾದದ್ದನ್ನು ಕೇಳಿದ. “ಎಲ್ಲಿಗೆ ಕಳಿಸಬೇಕು?”

“ಮನೆಗೆ” ಎಂದ ಶೀನಪ್ಪ.

“ಮನೆ ಎಂದರೆ, ಮಂಗಳೂರಿಗಾ?”

“ಅಲ್ಲ ಸಾರ್. ಅಬುಧಾಬಿಗೆ. ಅವಳ ವೀಸಾ ಉಂಟು ಸಾರ್. ಇನ್ನೂ ಉಂಟು. ಡೇಟ್ ಆಗ್ಲಿಲ್ಲ.” ಹಿಂದಿ ಮರೆತುಹೋಗಿ ಅವನು ಕನ್ನಡದಲ್ಲೇ ಹೇಳುತ್ತಿದ್ದ. ಆ ಕಡೆಯವನಿಗೆ ವೀಸಾ ಎಂಬ ಒಂದು ಶಬ್ದ ಅರ್ಥವಾಗಿರಬೇಕು. ಅವನು ಹಿಂದಿಯಲ್ಲಿ ಮೆಲ್ಲಗೆ, “ಭಾಯಿಸಾಬ್, ಈಗ ಅವಳಿಗೆ ವೀಸಾ ಬೇಕಾಗುವುದಿಲ್ಲ” ಎಂದ.

ಶೀನಪ್ಪ ಫೋನನ್ನು ಕೆಳಗಿಟ್ಟ. ಪಕ್ಕದಲ್ಲಿ ಕೂತಿದ್ದ ಕುಂಞಾಲಿ ಅದನ್ನು ಎತ್ತಿಕೊಂಡು ಉಳಿದ ಮಾತು ಮುಗಿಸಿದ. ಎರಡು ದಿನದಿಂದ ಅವನು ಅಂಗಡಿಗೂ ಹೋಗದೆ ಶೀನಪ್ಪನ ಮನೆಯಲ್ಲೇ ಕೂತಿದ್ದ. ನಮಾಜಿಗೆ ಮಾತ್ರ ಎದ್ದು ಪಕ್ಕದ ಮಸೀದಿಗೆ ಹೋಗಿ ಬರುತ್ತಿದ್ದ.

ಕೊನೆಗೆ ಊರಿಗೇ ಹೋದರು. ಕಠ್ಮಂಡುವಿನಿಂದ ದೆಹಲಿ, ದೆಹಲಿಯಿಂದ ಮಂಗಳೂರು ಎಂದು ತೃಷಾ ಬಂದಳು. ಗಂಡ ಹೆಂಡತಿ ಇತ್ತ ಕಡೆಯಿಂದ ಹೋದರು. ಅವಳು ರಜೆಗೆ ಮಾತ್ರ ನೋಡಿದ್ದ ಜಾಗದಲ್ಲಿ ಅವಳನ್ನು ಸುಟ್ಟರು. ಸೇರಿದ್ದವರಲ್ಲಿ ಹೆಚ್ಚಿನವರಿಗೆ ಅವಳ ಮುಖದ ಗುರುತೂ ಇರಲಿಲ್ಲ, “ಗಲ್ಫಿನ ಶೀನನ ಮಗಳಂತೆ” ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ಉತ್ತರಕ್ರಿಯೆಯ ಬೊಜ್ಜ ಮುಗಿಸಿ, ರಜೆ ಮುಗಿಯಿತೆಂದು ಅಬುಧಾಬಿಗೆ ವಾಪಸ್ಸಾದರು. ವಿಮಾನ ನಿಲ್ದಾಣದಲ್ಲಿ ಇಬ್ಬರನ್ನೂ ಒಳಗೆ ಬಿಡಲು ಯಾರೂ ಏನೂ ಕೇಳಲಿಲ್ಲ.

ಸ್ವರ್ಣಲತಾ ಒಂದೇ ಒಂದು ಸಲವೂ “ನಾನು ಹೇಳಿದ್ದೆ” ಎನ್ನಲಿಲ್ಲ. ಶೀನಪ್ಪ ಅದನ್ನೇ ಕಾಯುತ್ತಿದ್ದ. ಬೈಯಲಿ, ಹೊಡೆಯಲಿ, ಊರಿಗೆ ಹೋಗುತ್ತೇನೆ ಎನ್ನಲಿ ಎಂದು ಹಂಬಲಿಸುತ್ತಿದ್ದ. ಅವಳು ಅನ್ನ ಬಡಿಸುತ್ತಿದ್ದಳು, ಬಟ್ಟೆ ಮಡಚುತ್ತಿದ್ದಳು, ಮಗಳ ಕೋಣೆಯ ಎಸಿಯನ್ನು ದಿನಕ್ಕೊಮ್ಮೆ ಹಾಕಿ ಆರಿಸುತ್ತಿದ್ದಳು. ಕೆಂಪು ಸುತ್ತು ಹಾಕಿದ ದಿನ ದಾಟಿ ವಾರಗಳೇ ಕಳೆದವು. ಕ್ಯಾಲೆಂಡರಿನ ಹಾಳೆಯನ್ನು ಇಬ್ಬರೂ ತಿರುವಲಿಲ್ಲ.

ಅಷ್ಟರಲ್ಲಿ ಅವನ ಸ್ವಂತ ವೀಸಾ ನವೀಕರಿಸುವ ಸಮಯ ಬಂತು. ಕಂಪನಿಯವರು ತಲೆ ತಗ್ಗಿಸಿಕೊಂಡೇ ಹೇಳಿದರು, ಮಗಳದ್ದು ಮೊದಲು ಕ್ಯಾನ್ಸಲ್ ಮಾಡಿಸಿ ಬನ್ನಿ ಎಂದು. ಮಧ್ಯಾಹ್ನದ ಬಿಸಿಲಿನಲ್ಲಿ ಅವನು ಕುಂಞಾಲಿಯ ಟೈಪಿಂಗ್ ಸೆಂಟರಿಗೆ ಹೋದ. ಕುಂಞಾಲಿ ಜುಹರ್ ನಮಾಜಿಗೆ ಹೋಗಿದ್ದ. ಕೌಂಟರಿನಲ್ಲಿ ಹಸ್ನಾ ಎಂಬ ಹೊಸ ಹೆಂಗಸು ಕೂತಿದ್ದಳು. ದೇರಳಕಟ್ಟೆಯವಳು, ಬಾಯಿತುಂಬ ಮಾತು. ಕೆಲಸಕ್ಕೆ ಸೇರಿ ಒಂದು ವಾರ ಆಗಿತ್ತಷ್ಟೆ. ಶೀನಪ್ಪ ಯಾರೆಂದು ಅವಳಿಗೆ ತಿಳಿದಿರಲಿಲ್ಲ.

ಅವನು ಮಗಳ ಎಮಿರೇಟ್ಸ್ ಐಡಿ ಮುಂದಿಟ್ಟು “ಕ್ಯಾನ್ಸಲ್” ಎಂದ. ಮರಣಪತ್ರ ಅವನ ಕೈಯಲ್ಲಿದ್ದ ಕವರಿನೊಳಗೇ ಇತ್ತು. ಅದನ್ನು ತೆಗೆಯಲು ಬೆರಳು ಏಳಲಿಲ್ಲ.

ಹಸ್ನಾ ನಂಬರ್ ಒತ್ತಿದಳು. “ಮಗಳಾ? ಆಕ್ಟಿವ್ ಉಂಟಲ್ಲ ಅಂಕಲ್. ಇನ್‌ಸೈಡಾ ಔಟ್‌ಸೈಡಾ?”

ಶೀನಪ್ಪನಿಗೆ ಅರ್ಥವಾಗಲಿಲ್ಲ.

“ದೇಶದ ಒಳಗೆ ಇದ್ದಾರಾ, ಹೊರಗೆ ಇದ್ದಾರಾ? ಅದು ಹಾಕ್ಬೇಕು ಇಲ್ಲಿ.”

ಅವನು ಐಡಿಯ ಮೇಲಿನ ಮಗಳ ಮುಖ ನೋಡುತ್ತ ನಿಂತ. ಹಸ್ನಾ ಪರದೆ ನೋಡಿ ತಾನೇ ಹೇಳಿಕೊಂಡಳು.

“ಓ, ಜನವರಿಯಿಂದ ಹೊರಗಾ? ಓದ್ಲಿಕ್ಕೆ ಹೋದದ್ದಾ?”

ಅವನು ತಲೆಯಾಡಿಸಿದ.

“ಆರು ತಿಂಗಳು ದಾಟಿತು ಅಂತ ಕ್ಯಾನ್ಸಲ್ ಮಾಡ್ತೀರಾ? ಅಯ್ಯೋ ಅಂಕಲ್, ಬೇಡ! ಸ್ಟೂಡೆಂಟ್‌ಗೆ ಪರ್ಮಿಟ್ ಸಿಗ್ತದೆ. ಕಾಲೇಜಿನ ಒಂದು ಲೆಟರ್ ಉಂಟಾದ್ರೆ ಆಯ್ತು, ಇಲ್ಲಿಂದಲೇ ಹಾಕುದು. ನಿನ್ನೆ ಸಹ ಒಬ್ಬರಿಗೆ ತೆಗೆದು ಕೊಟ್ಟೆ. ಅವಳನ್ನು ಓಡಿಸ್ಕೊಂಡು ಬರ್ಲಿಕ್ಕೆ ಹೇಳ್ಬೇಡಿ. ಆರಾಮಲ್ಲಿ ಬರ್ಲಿ.”

ಒಳ್ಳೆಯ ಮನಸ್ಸಿನಿಂದ ಹೇಳಿದ ಮಾತು. ಕುಂಞಾಲಿ ಬಾಗಿಲು ತಳ್ಳಿಕೊಂಡು ಬಂದಾಗ ಶೀನಪ್ಪ ಕೌಂಟರನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ. ಹಸ್ನಾ ಗಾಬರಿಯಿಂದ ನೀರು ಹುಡುಕುತ್ತಿದ್ದಳು. ಕುಂಞಾಲಿಗೆ ಒಂದೇ ನೋಟಕ್ಕೆ ಎಲ್ಲ ಗೊತ್ತಾಯಿತು. “ಯಾ ಅಲ್ಲಾ” ಎಂದು ಅವನು ಶೀನಪ್ಪನ ಭುಜ ಹಿಡಿದ. ಶೀನಪ್ಪ ಆ ಕೈ ಬಿಡಿಸಿಕೊಂಡು, ಐಡಿ ಕಾರ್ಡನ್ನು ಅಂಗಿಯ ಕಿಸೆಗೆ ಹಾಕಿಕೊಂಡು ಹೊರಗೆ ನಡೆದ.

ಮನೆಗೆ ಬಂದಾಗ ಸ್ವರ್ಣಲತಾ ಅಡಿಗೆಮನೆಯಲ್ಲಿ ಬಸಳೆ ಹೆಚ್ಚುತ್ತಿದ್ದಳು. ಅವನು ಬಾಗಿಲ ಬಳಿ ನಿಂತೇ ಹೇಳಿದ.

“ಒಂದು ಲೆಟರ್ ಸಾಕಿತ್ತಂತೆ.”

ಅವಳು ಹೆಚ್ಚುವುದನ್ನು ನಿಲ್ಲಿಸಲಿಲ್ಲ.

“ಕೇಳ್ತಾ ಉಂಟಾ? ಕಾಲೇಜಿನ ಒಂದು ಲೆಟರ್. ಕೇಳಿದ್ರೆ ಸಿಗ್ತಿತ್ತಂತೆ. ನಾನು ಕೇಳ್ಲಿಕ್ಕೇ ಬಿಡ್ಲಿಲ್ಲ. ನಾನು ಕೊಂದೆ ಅವಳನ್ನು, ನಾನೇ.” ಅವನು ಬಾಗಿಲಿನ ಚೌಕಟ್ಟಿಗೆ ತಲೆ ಚಚ್ಚಿಕೊಳ್ಳತೊಡಗಿದ. “ನೀನು ಎಂತಕ್ಕೆ ಬೈಯುದಿಲ್ಲ? ಒಂದು ಸಲ ಬೈಯಿ!”

ಸ್ವರ್ಣಲತಾ ಕತ್ತಿ ಕೆಳಗಿಟ್ಟು ಬಂದು, ಅವನ ಹಣೆಗೂ ಮರಕ್ಕೂ ನಡುವೆ ತನ್ನ ಅಂಗೈ ಇಟ್ಟಳು.

“ನಂಗೆ ಗೊತ್ತಿತ್ತು” ಎಂದಳು.

“ಎಂತ?”

“ಲೆಟರ್ ಸಾಕು ಅಂತ. ಅವಳಿಗೂ ಗೊತ್ತಿತ್ತು. ಆ ದಿನ ಫೋನಲ್ಲಿ ಹೇಳಿದ್ಲು. ಕಾಲೇಜಿಂದ ತೆಗ್ದು ಇಟ್ಕೊಂಡಿದ್ಲು ಸಹ. ನಾನು ಹಾಗಾದ್ರೆ ಬರ್ಬೇಡ ಮಗಾ ಅಂದೆ.” ಅವಳ ಅಂಗೈ ಅವನ ಹಣೆಯ ಮೇಲೇ ಇತ್ತು. “ಇಲ್ಲಮ್ಮ, ಪಪ್ಪನಿಗೆ ಲೆಟರಲ್ಲಿ ನಂಬಿಕೆ ಬರುದಿಲ್ಲ, ಅವರು ನಿದ್ದೆ ಮಾಡುದಿಲ್ಲ, ನಾನೊಮ್ಮೆ ಬಂದು ಮುಖ ತೋರಿಸಿ ಹೋದ್ರೆ ಆರು ತಿಂಗಳು ಆರಾಮಲ್ಲಿ ಮಲಗ್ತಾರೆ ಅಂದ್ಲು. ನಾನು ಮತ್ತೆ ಒತ್ತಾಯ ಮಾಡ್ಲಿಲ್ಲ. ನಂಗೂ ಅವಳನ್ನು ನೋಡ್ಬೇಕಿತ್ತು.”

ಶೀನಪ್ಪ ಅಲ್ಲೇ ನೆಲದ ಮೇಲೆ ಕೂತ. ಊರಿನಲ್ಲಿ, ಸ್ಮಶಾನದಲ್ಲಿ, ಬೊಜ್ಜದಲ್ಲಿ ಬಾರದಿದ್ದ ಅಳು ಈಗ ಬಂತು. ಮಗಳು ವೀಸಾ ಉಳಿಸಲು ಹೊರಟವಳಲ್ಲ. ಅಪ್ಪನ ನಿದ್ದೆ ಉಳಿಸಲು ಹೊರಟವಳು. ಸ್ವರ್ಣಲತಾ ಪಕ್ಕದಲ್ಲಿ ಕೂತು, ಬಸಳೆಯ ಅಂಟು ಹತ್ತಿದ ಕೈಯಿಂದಲೇ ಅವನ ಬೆನ್ನು ನೇವರಿಸಿದಳು.

“ಮತ್ತೆ ನೀನು ಎಂತಕ್ಕೆ ಹೇಳ್ಲಿಲ್ಲ?” ಎಂದು ಅವನು ಕೊನೆಗೆ ಕೇಳಿದ.

“ಹೇಳಿದ್ರೆ ನೀವು ಬದುಕ್ತಿದ್ರಾ? ಒಬ್ಬಳು ಹೋದದ್ದು ಸಾಕಿತ್ತು ನಂಗೆ.”

ಹೊರಗೆ ಮಸೀದಿಯಿಂದ ಅಸರ್‌ನ ಬಾಂಗ್ ಕೇಳಿಸಿತು. ಅವಳು ಸೆರಗಿನಿಂದ ಮೊದಲು ಅವನ ಮುಖ, ಆಮೇಲೆ ತನ್ನದನ್ನು ಒರೆಸಿದಳು.

“ಕ್ಯಾನ್ಸಲ್ ಆಯ್ತಾ?”

“ಇಲ್ಲ.” ಅವನು ಕಿಸೆಯಿಂದ ಕಾರ್ಡು ತೆಗೆದು ಅವಳ ಕೈಯಲ್ಲಿಟ್ಟ. ಅದರ ಫೋಟೋದಲ್ಲಿ ತೃಷಾ ನಗಬಾರದೆಂದು ಹೇಳಿದ್ದಕ್ಕೆ ನಗು ತಡೆದುಕೊಂಡು ಕೂತಿದ್ದಳು. “ಒಳಗೆ ಇದ್ದಾಳಾ ಹೊರಗೆ ಇದ್ದಾಳಾ ಅಂತ ಕೇಳಿದ್ರು. ಹೊರಗೆ ಅಂತ ಹೇಳ್ಲಿಕ್ಕೆ ನಂಗೆ ಬಾಯಿ ಬರ್ಲಿಲ್ಲ ಸ್ವರ್ಣಾ.”

ಸ್ವರ್ಣಲತಾ ಕಾರ್ಡನ್ನು ಎರಡೂ ಅಂಗೈಗಳ ನಡುವೆ ಹಿಡಿದುಕೊಂಡಳು. ಮಗಳ ಕೋಣೆಯ ಎಸಿ ಹಾಕಿದ್ದು ಆರಿಸಲು ಮರೆತಿದ್ದಳೇನೋ, ಅದರ ಸದ್ದು ಕೇಳುತ್ತಿತ್ತು.

“ನಾಳೆ ನಾನೂ ಬರ್ತೇನೆ” ಎಂದಳು ಅವಳು. “ನೀವು ಸುಮ್ನೆ ನನ್ನ ಪಕ್ಕದಲ್ಲಿ ನಿಲ್ಲಿ. ನಾನು ಹೇಳ್ತೇನೆ.”